ನೀರಿನ ಕೆಳಗೆ ದುಡಿಯುವವಳ ತಾರಸಿ

ಬೆಳಗಿನ ನಾಲ್ಕೂವರೆ ಗಂಟೆ. ಮೇಲಿನ ಹನ್ನೊಂದು ಅಂತಸ್ತುಗಳಲ್ಲಿ ಮೂರು ಸಾವಿರ ಪ್ರವಾಸಿಗರು ರಜೆಯ ನಿದ್ದೆಯಲ್ಲಿದ್ದಾರೆ. ಅವರೆಲ್ಲರ ಕೆಳಗೆ, ಸಮುದ್ರದ ಮಟ್ಟಕ್ಕಿಂತ ಒಂದಾಳುದ್ದ ಕೆಳಗೆ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯಲ್ಲಿ ವರ್ಲಿನ್ ಕಾಡೋರ್ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಾಳೆ. ಯಂತ್ರದ ಬಾಯಿಂದ ಹೊರಬರುವ ಹಾಸುಬಟ್ಟೆ ಕಾವಲಿಯಿಂದ ಆಗಷ್ಟೇ ತೆಗೆದ ರೊಟ್ಟಿಯ ಹಾಗೆ ಸುಡುತ್ತದೆ. ಎರಡು ಮೂಲೆ ಅವಳ ಕೈಗೆ, ಇನ್ನೆರಡು ಎದುರಿಗಿರುವ ಕೆಟುಟ್‌ನ ಕೈಗೆ. ಜಗ್ಗು, ಮಡಚು, ತಟ್ಟು, ಪೇರಿಸು. ಒಂದಕ್ಕೆ ಎಂಟು ಸೆಕೆಂಡು. ಕೆಟುಟ್ ಬಾಲಿ ದ್ವೀಪದವನು, ಮಾತು ಕಮ್ಮಿ. ಇವತ್ತು ಅವನೂ ಬಾಯಿಬಿಟ್ಟು, ಅಕ್ಕಾ ಸ್ವಲ್ಪ ನಿಧಾನ, ನನ್ನ ಬೆರಳು ನನಗೆ ಬೇಕು, ಅನ್ನುತ್ತಾನೆ.

ನಿಧಾನ ಮಾಡಲು ವರ್ಲಿನ್‌ಗೆ ಇವತ್ತು ಪುರಸೊತ್ತಿಲ್ಲ. ಹಡಗು ಎಂಟು ಗಂಟೆಗೆ ಗ್ರೆನಡಾದ ಸೇಂಟ್ ಜಾರ್ಜಸ್ ಬಂದರಿಗೆ ಬಂದು ನಿಲ್ಲುತ್ತದೆ. ಅದು ಅವಳದೇ ದ್ವೀಪ. ಬಂದರಿನ ಮೇಲಿನ ಗುಡ್ಡದಲ್ಲಿ ಬೆಲ್‌ಮೋರ್ನ್ ಅನ್ನುವ ಊರು, ಊರಿನ ಅಂಚಿಗೆ ಅವಳು ಕಟ್ಟಿಸುತ್ತಿರುವ ಎರಡು ಕೋಣೆಯ ಮನೆ. ಅದರ ತಾರಸಿಗೆ ಇವತ್ತು ಮೋಲ್ಡು ಹಾಕುತ್ತಾರೆ. ಹತ್ತೂವರೆಗೆ ಶುರು. ಮೊದಲ ಬಕೆಟ್ ಕಾಂಕ್ರೀಟು ಅವಳ ಕೈಯಿಂದಲೇ ಬೀಳಬೇಕು.

"ಒಡತಿ ಕೈಯಿಂದ ಮೊದಲ ಬಕೆಟ್ ಬೀಳದಿದ್ರೆ ಆ ಮನೆ ಅವಳ ಗುರುತು ಹಿಡಿಯಲ್ಲ ಅಂತಾರೆ ನಮ್ಮೂರಲ್ಲಿ," ಎನ್ನುತ್ತಾಳೆ ವರ್ಲಿನ್. "ನಗಬೇಡಿ. ಹನ್ನೊಂದು ವರ್ಷದಿಂದ ಕಟ್ಟಿಸ್ತಾ ಇದ್ದೀನಿ. ಅದು ನನ್ನ ಗುರುತು ಹಿಡೀಲೇಬೇಕು."

ಇವತ್ತು ತಪ್ಪಿದರೆ ಮತ್ತೆ ದಿನವಿಲ್ಲ. ಈ ನವೆಂಬರಿನ ಸುತ್ತು ಮುಗಿದ ಮೇಲೆ ಹಡಗು ಮೆಕ್ಸಿಕೋ ಕಡೆಗೆ ಹೋಗುತ್ತದೆ, ಗ್ರೆನಡಾಕ್ಕೆ ಮರಳುವುದು ಒಂದು ವರ್ಷ ಕಳೆದ ಮೇಲೆ. ಜೂನಿನಲ್ಲಿ ಅವಳಿಗೆ ರಜೆ ಸಿಗುತ್ತದೆ, ಆದರೆ ಅದು ಚಂಡಮಾರುತದ ಕಾಲ, ಅಷ್ಟರೊಳಗೆ ತಲೆಯ ಮೇಲೆ ಸೂರು ಇರಲೇಬೇಕು. ಅವಳು ಇಲ್ಲದೆಯೂ ಮೋಲ್ಡು ಹಾಕಬಹುದು, ಅದಕ್ಕೇನು. ಗೋಡೆಗಳು ಎದ್ದದ್ದೇ ಹಾಗೆ. ಪಾಯ ತೋಡಿದ ದಿನ ಅವಳು ಬಹಾಮಾಸ್‌ನಲ್ಲಿದ್ದಳು. ಬಾಗಿಲು ನಿಲ್ಲಿಸಿದ ದಿನ ನಡುಸಮುದ್ರದಲ್ಲಿದ್ದಳು. ಎಲ್ಲವನ್ನೂ ಫೋನಿನ ಫೋಟೋದಲ್ಲಿ ನೋಡಿದ್ದೇ ಹೊರತು ಕಣ್ಣೆದುರು ಒಂದು ಇಟ್ಟಿಗೆ ಕೂತದ್ದನ್ನು ಕಂಡವಳಲ್ಲ. ಈ ಒಂದು ದಿನ ಮಾತ್ರ ಯಾರು ಜಪ್ಪಯ್ಯ ಅಂದರೂ ಬಿಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ.

ಹಟ ಹಿಡಿದರಷ್ಟೇ ಸಾಲದು. ಹಡಗು ಯಾವ ಬಂದರಿನಲ್ಲಿ ನಿಂತರೂ ಮೂರರಲ್ಲೊಂದು ಪಾಲು ಸಿಬ್ಬಂದಿ ಒಳಗೇ ಇರಬೇಕು, ಬೆಂಕಿಗಿಂಕಿ ಬಿದ್ದರೆ ಆಳು ಬೇಕಲ್ಲ. ಸೇಂಟ್ ಜಾರ್ಜಸ್‌ನ ಪಟ್ಟಿ ಅಂಟಿಸಿದಾಗ ಅದರಲ್ಲಿ ವರ್ಲಿನ್ ಹೆಸರಿತ್ತು. ಅವಳು ಪಟ್ಟಿಯ ಮುಂದೆ ನಿಂತು ಎರಡು ನಿಮಿಷ ಬಾಯಿಗೆ ಬಂದದ್ದು ಬೈದು, ಆಮೇಲೆ ಕೆಟುಟ್‌ನ ಹತ್ತಿರ ಹೋದಳಂತೆ. ಅವನು ಹೆಚ್ಚು ಕೇಳಲಿಲ್ಲ. ಮನೆಯ ಸೂರಿನ ವಿಷಯ ಅಂದಕೂಡಲೇ ತನ್ನ ಹೆಸರು ಬರೆಸಿದ. ಬದಲಿಗೆ ಮುಂದಿನ ಮೂರು ಬಂದರುಗಳಲ್ಲಿ ಅವನ ಸರದಿಗೆ ಇವಳು ಕೂರುತ್ತಾಳೆ.

ಬಟ್ಟೆ ಒಗೆಯುವ ಈ ವಿಭಾಗದಲ್ಲಿ ಒಟ್ಟು ಹದಿನಾಲ್ಕು ಜನ. ದಿನಕ್ಕೆ ನಾಲ್ಕು ಸಾವಿರ ಹಾಸುಬಟ್ಟೆ, ಹತ್ತು ಸಾವಿರಕ್ಕೂ ಮೇಲೆ ಟವೆಲ್ಲು, ಊಟದ ಮೇಜಿನ ಕರವಸ್ತ್ರಗಳನ್ನಂತೂ ಎಣಿಸುವವರಿಲ್ಲ. ಒಣಗಿಸುವ ಯಂತ್ರಗಳ ಸಾಲಿನಲ್ಲಿ ನಿಂತರೆ ಐದು ನಿಮಿಷಕ್ಕೆ ಬೆನ್ನು ತೊಯ್ಯುತ್ತದೆ. ದಿನಕ್ಕೆ ಹತ್ತು ಗಂಟೆ ಕೆಲಸ, ವಾರಕ್ಕೆ ಏಳು ದಿನ, ಒಂದು ಗುತ್ತಿಗೆಗೆ ಒಂಬತ್ತು ತಿಂಗಳು. ವರ್ಲಿನ್‌ಗೆ ಈಗ ನಲವತ್ತೊಂದು. ಹನ್ನೊಂದು ವರ್ಷದಲ್ಲಿ ಅವಳನ್ನು ಕಂಡ ಪ್ರವಾಸಿ ಒಬ್ಬನೂ ಇಲ್ಲ. ಕೆಳಗಿನವರೆಲ್ಲ ಪ್ರವಾಸಿಗರನ್ನು ಕರೆಯುವುದು 'ಮೇಲಿನವರು' ಎಂದು, ದೇವರನ್ನು ಕರೆದ ಹಾಗೆ.

"ಮೇಲಿನವರಿಗೆ ಟವೆಲ್ಲು ಅಂದ್ರೆ ಮರದಲ್ಲಿ ಬಿಡೋ ಹಣ್ಣು," ಎನ್ನುತ್ತಾಳೆ ಅವಳು. "ಕಿತ್ಕೊಂಡ್ರು, ಬಿಸಾಕಿದ್ರು. ಬೆಳಗಾದ್ರೆ ಮತ್ತೆ ಬಿಟ್ಟಿರುತ್ತೆ. ಅವರು ಯಾವ ದ್ವೀಪದಲ್ಲಿ ಇಳಿದಿದ್ರು ಅಂತ ನನಗೆ ಯಾರೂ ಹೇಳ್ಬೇಕಾಗಿಲ್ಲ. ಯಂತ್ರದ ಜಾಲರಿಯಲ್ಲಿ ಉಳಿಯೋ ಮರಳು ನೋಡಿದ್ರೆ ಸಾಕು. ಕಪ್ಪಗಿದ್ರೆ ಸೇಂಟ್ ವಿನ್ಸೆಂಟು. ಹಿಟ್ಟಿನ ಥರ ನುಣ್ಣಗೆ ಇದ್ರೆ ನಮ್ಮ ಗ್ರಾಂಡ್ ಆನ್ಸ್ ಕಡಲ ದಂಡೆ."

ಅವಳ ಹಟದ ಬೇರು ಇರುವುದು ಇಪ್ಪತ್ತೊಂದು ವರ್ಷದ ಹಿಂದೆ. ತಬ್ಬಲಿಯಾಗಿದ್ದ ವರ್ಲಿನ್‌ಳನ್ನು ಸಾಕಿದವಳು ದೊಡ್ಡಮ್ಮ ಎಸ್ಲಿನ್. ದ್ವೀಪದ ರೂಢಿಯಂತೆ ಊರಿಗೆಲ್ಲ ಅವಳು ತಾಂತಿ ಎಸ್ಲಿನ್. ದೊಡ್ಡ ಚಂಡಮಾರುತ ಬಂದ ದಿನ ಇಬ್ಬರೂ ಊಟದ ಮೇಜಿನ ಕೆಳಗೆ ತಬ್ಬಿಕೊಂಡು ಕೂತಿದ್ದರು. ಸೂರಿನ ತಗಡು ಒಂದೊಂದೇ ಮೊಳೆ ಕಿತ್ತುಕೊಂಡು ಎದ್ದು ಹೋಯಿತು. ಮರುದಿನ ಅದರಲ್ಲೊಂದು ಸಿಕ್ಕಿದ್ದು ಎರಡು ಮೈಲಿ ಆಚೆ, ಚರ್ಚಿನ ಸ್ಮಶಾನದಲ್ಲಿ. ಜಾಕಾಯಿ ಮರಗಳೆಲ್ಲ ಮಲಗಿದ್ದವು. ಆಮೇಲೆ ಎರಡು ವರ್ಷ ನೀಲಿ ಟಾರ್ಪಾಲಿನ ಕೆಳಗೆ ಬಾಳು, ಮತ್ತೆ ತಗಡು, ಮತ್ತೆ ಗಾಳಿ. ಗಾಳಿ ಸ್ವಲ್ಪ ಜೋರಾದರೆ ತಾಂತಿ ಇವತ್ತಿಗೂ ಮೇಜಿನ ಕಡೆಗೆ ಒಂದು ಸಲ ನೋಡುತ್ತಾಳೆ. ಆ ನೋಟ ತಡೆಯಲಾರದೆ ವರ್ಲಿನ್ ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದ್ದು.

ಮೂರು ವರ್ಷದ ಹಿಂದೆ ಊರಿನ ಮೇಸ್ತ್ರಿ ಕತ್‌ಬರ್ಟ್ ಒಂದು ಮಾತು ಹೇಳಿದ್ದ. ಮೋಲ್ಡು ಹಾಕಿದರೆ ಮುಗಿಯಲಿಲ್ಲ, ಏಳು ದಿನ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ ತಂಪಾಗಿಡಬೇಕು, ಇಲ್ಲದಿದ್ದರೆ ಬಿರುಕು ಗ್ಯಾರಂಟಿ, ಅಷ್ಟು ಗೋಣಿಚೀಲ ಎಲ್ಲಿಂದ ತರ್ತೀಯ, ಎಂದು. ಬಟ್ಟೆಯ ಚಿಂತೆ ನನಗೆ ಬಿಡಿ ಎಂದಿದ್ದಳು ವರ್ಲಿನ್. ಹಡಗಿನಲ್ಲಿ ಹರಿದ, ಕಲೆ ಹೋಗದ ಹಾಸುಬಟ್ಟೆಗಳನ್ನು ಒರೆಸುವ ಚಿಂದಿ ಮಾಡುತ್ತಾರೆ. ಅವಳು ವಿಭಾಗದ ಮುಖ್ಯಸ್ಥನನ್ನು ಕಾಡಿ ಬೇಡಿ, ಚೀಟಿಗೆ ಸಹಿ ಹಾಕಿಸಿಕೊಂಡು, ಊರಿಗೆ ಬಂದಾಗಲೆಲ್ಲ ಎರಡು ಮೂರು ಒಯ್ದಿದ್ದಾಳೆ. ತಾಂತಿಯ ಟ್ರಂಕಿನಲ್ಲಿ ಈಗ ಐವತ್ತೆಂಟು ಇವೆ. ಇವತ್ತಿನ ಚೀಲದಲ್ಲಿ ಇನ್ನೂ ನಾಲ್ಕು.

ಒಂಬತ್ತೂ ಇಪ್ಪತ್ತಕ್ಕೆ ಅವಳು ಸಿಬ್ಬಂದಿಯ ಬಾಗಿಲಿನಿಂದ ಬಂದರಿನ ಕಟ್ಟೆಯ ಮೇಲೆ ಕಾಲಿಡುತ್ತಾಳೆ. ಪಕ್ಕದಲ್ಲಿ ಮೇಲಿನವರು ಹ್ಯಾಟು ಹಾಕಿಕೊಂಡು, ಜಾಕಾಯಿ ಲವಂಗ ಪೋಣಿಸಿದ ಹಾರ ಮಾರುವವರ ನಡುವೆ ದಾರಿ ಹುಡುಕುತ್ತಿದ್ದಾರೆ. ಕಾವಲುಗಾರ ಚೀಲ ತೆರೆಸುತ್ತಾನೆ, ಚೀಟಿ ಓದುತ್ತಾನೆ, ಹರಿದ ಹಾಸುಬಟ್ಟೆ ನೋಡಿ ಮೂಗು ಮುರಿಯುತ್ತಾನೆ. ಬಸ್ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ. ನಮ್ಮ ದ್ವೀಪದ ಬಸ್ಸು ತುಂಬದೆ ಹೊರಡುವುದಿಲ್ಲ, ಅದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಬಸ್ಸು ತುಂಬಿ ಹೊರಡುವಾಗ ಅವಳ ಕೈಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ. ಇಪ್ಪತ್ತೈದು ನಿಮಿಷದ ದಾರಿ. ಐದು ನಿಮಿಷ ಮೊದಲೇ ಸೇರುತ್ತೇನೆ ಎಂದುಕೊಂಡು ಅವಳು ಬೆಳಗಿನಿಂದ ಮೊದಲ ಬಾರಿ ಬೆನ್ನು ಆನಿಸಿ ಕೂರುತ್ತಾಳೆ.

ಮೂರನೆಯ ತಿರುವಿನಲ್ಲಿ ಚಾಲಕ ಕಿವಿಗಡಚಿಕ್ಕುವ ಹಾಡನ್ನು ನಿಲ್ಲಿಸಿ ರೇಡಿಯೋ ಹಾಕುತ್ತಾನೆ. ಬಸ್ಸಿನಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ. ರೇಡಿಯೋದಲ್ಲಿ ಸಾವಿನ ಸುದ್ದಿ. ತೀರಿಕೊಂಡವರ ಹೆಸರು, ಊರು, ಅವರನ್ನು ಕರೆಯುತ್ತಿದ್ದ ಅಡ್ಡಹೆಸರು, ಮಕ್ಕಳು ಮೊಮ್ಮಕ್ಕಳ ಪಟ್ಟಿ. ಇದನ್ನು ಕೇಳದೆ ನಮ್ಮವರಿಗೆ ದಿನ ಹೋಗುವುದಿಲ್ಲ. ವರ್ಲಿನ್ ಕೂಡ ಕಿವಿಗೊಡುತ್ತಾಳೆ, ಗೊತ್ತಿದ್ದವರು ಯಾರೂ ಇಲ್ಲವೆಂದು ಸಮಾಧಾನಪಡುತ್ತಾಳೆ. ಆಮೇಲೆ ತಲೆಗೆ ಹೊಳೆಯುತ್ತದೆ. ಸಾವಿನ ಸುದ್ದಿ ಬರುವುದು ಹನ್ನೊಂದಕ್ಕೆ. ಅವಳ ಗಡಿಯಾರದಲ್ಲಿ ಹತ್ತು.

ಮೇಸ್ತ್ರಿಯ ಜೊತೆ ಸಮಯ ಗೊತ್ತುಮಾಡಿದ್ದು ಅಕ್ಟೋಬರಿನಲ್ಲಿ. ಆಗ ಹಡಗಿನ ಗಂಟೆಯೂ ಊರಿನ ಗಂಟೆಯೂ ಒಂದೇ ಆಗಿತ್ತು. ನವೆಂಬರ್ ಮೊದಲ ವಾರದಲ್ಲಿ ಅಮೆರಿಕದವರು ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಫ್ಲೋರಿಡಾದಿಂದ ಹೊರಡುವ ಹಡಗೂ ತಿರುಗಿಸುತ್ತದೆ. ಗ್ರೆನಡಾ ಯಾವ ಕಾಲಕ್ಕೂ ತಿರುಗಿಸುವುದಿಲ್ಲ. ಒಗೆಯುವ ಕೋಣೆಯ ಗೋಡೆ ಗಡಿಯಾರವನ್ನು ಸ್ಟೂಲು ಹತ್ತಿ ತಿರುಗಿಸಿದವಳು ಸ್ವತಃ ವರ್ಲಿನ್. ಒಂದು ಗಂಟೆ ನಿದ್ದೆ ಹೆಚ್ಚು ಸಿಕ್ಕಿತೆಂದು ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ್ದಳು. ಸೂರ್ಯನನ್ನೇ ಕಾಣದೆ ಬದುಕುವವರಿಗೆ ಗೋಡೆಯ ಮೇಲಿನದೇ ಗಂಟೆ.

ವರ್ಲಿನ್ ಊರಿನ ಸಿಮ್ಮನ್ನು ಫೋನಿಗೆ ತುರುಕಿ ತಾಂತಿಗೆ ಕರೆ ಮಾಡುತ್ತಾಳೆ. ಎತ್ತುವುದಿಲ್ಲ. ಮೇಸ್ತ್ರಿಗೆ ಮಾಡುತ್ತಾಳೆ, ಅವನೂ ಎತ್ತುವುದಿಲ್ಲ. ಎಲ್ಲರ ಕೈ ಕಾಂಕ್ರೀಟಿನಲ್ಲಿದೆ ಎಂದು ಅವಳಿಗೆ ಗೊತ್ತಾಗಿಹೋಗುತ್ತದೆ. ಹೋಗಿ ಏನು ಉಪಯೋಗ, ಇಲ್ಲೇ ಇಳಿದು ಅತ್ತುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತಂತೆ. ಹಾಗೆ ಮಾಡುವ ಹೆಂಗಸಲ್ಲ ಅವಳು. ಎದ್ದು ಚಾಲಕನ ಹಿಂದೆ ಹೋಗಿ ನಿಂತು, ನಡುವೆ ಯಾರನ್ನೂ ಹತ್ತಿಸಬೇಡಪ್ಪಾ, ನನ್ನ ಮನೆಗೆ ಮೋಲ್ಡು ಬೀಳ್ತಿದೆ, ಎನ್ನುತ್ತಾಳೆ. ಮೋಲ್ಡು ಅಂದ ಮೇಲೆ ನಮ್ಮಲ್ಲಿ ಎದುರು ಮಾತಿಲ್ಲ. ಒಬ್ಬ ಮುದುಕಿ ತಾನು ಇಳಿಯಬೇಕಾದಲ್ಲಿ ಬಸ್ಸು ನಿಲ್ಲಿಸಲು ಅದರ ಗೋಡೆ ಕುಟ್ಟಲಿಲ್ಲ, ಮೇಲಿಂದ ನಡೆದು ಬರ್ತೀನಿ ಬಿಡು ಎಂದಳು.

ಅಷ್ಟರಲ್ಲಿ ಬೆಲ್‌ಮೋರ್ನ್‌ನಲ್ಲಿ ಆಗಿದ್ದು ಇಷ್ಟು. ಊರಿನ ಮೂವತ್ತೈದು ಜನ ಮುಯ್ಯಿಗೆ ಬಂದಿದ್ದರು. ಮುಯ್ಯಿ ಅಂದರೆ ಕೂಲಿಯಿಲ್ಲ, ಊಟ ಮತ್ತು ರಮ್ಮು, ನಾಳೆ ಅವರ ಮನೆಗೆ ಇವರು. ಹತ್ತೂವರೆ ಆಯಿತು, ಒಡತಿ ಇಲ್ಲ. ಹತ್ತೂಮುಕ್ಕಾಲಾಯಿತು. ಬೆಟ್ಟದ ಹಿಂದಿನಿಂದ ಕಪ್ಪು ಮೋಡ ಎದ್ದಿತು. ಹಸಿ ಮೋಲ್ಡಿನ ಮೇಲೆ ಮಳೆ ಬಿದ್ದರೆ ಸಿಮೆಂಟು ತೊಳೆದುಹೋಗುತ್ತದೆ, ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವ ಹಾಗೂ ಇಲ್ಲ. ಇನ್ನು ಕಾದರೆ ನಾನು ಹೊಣೆಯಲ್ಲ ಎಂದ ಮೇಸ್ತ್ರಿ. ಎಪ್ಪತ್ತೆರಡು ವರ್ಷದ ತಾಂತಿ ಎಸ್ಲಿನ್ ಸೆರಗಿಲ್ಲದ ಗೌನನ್ನೇ ಮೇಲಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿ, ಅರ್ಧ ಬಕೆಟ್ಟನ್ನು ವರ್ಲಿನ್ ಕಾಡೋರ್ ಎಂದು ಹೆಸರು ಹೇಳಿ ಸುರಿದಳು.

ಹನ್ನೊಂದೂಕಾಲಿಗೆ ವರ್ಲಿನ್ ಓಡುತ್ತ ಬಂದಾಗ ಏಣಿಯ ಬುಡದಿಂದ ಮೇಲಿನವರೆಗೆ ಜನರ ಸಾಲು, ಕೈಯಿಂದ ಕೈಗೆ ಬಕೆಟ್ಟು. ತಾರಸಿಯ ಒಂದು ಮೂಲೆ ಆಗಲೇ ಬೂದುಬಣ್ಣಕ್ಕೆ ತಿರುಗಿದೆ. ಸಾಲಿನಲ್ಲಿದ್ದ ಒಬ್ಬ, "ದಾರಿ ಬಿಡ್ರಪ್ಪಾ, ಹಡಗಿನ ಟೂರಿಸ್ಟು ಬಂದ್ರು. ಫೋಟೋ ತೆಗೆಸ್ಕೋತೀರಾ ಮೇಡಂ?" ಎಂದು ಕೀಟಲೆ ಮಾಡಿದ. ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

"ಹುಟ್ಟಿದೂರಿನ ಗಂಟೆಯನ್ನೇ ಮರೆತುಬಿಟ್ಟೆ ತಾಂತಿ," ಎಂದಳು.

"ಮರೆತದ್ದು ಗಂಟೆ ತಾನೇ, ದಾರಿ ಅಲ್ವಲ್ಲ. ನಿಂತ್ಕೊಂಡು ಅಳ್ಬೇಡ, ಬಕೆಟ್ ಹಿಡಿ," ಎಂದಳು ತಾಂತಿ.

ವರ್ಲಿನ್ ಕಣ್ಣೊರೆಸಿಕೊಂಡು ಸಾಲಿಗೆ ಸೇರುತ್ತಾಳೆ. ಮುಂದಿನ ಮೂರು ಗಂಟೆಯಲ್ಲಿ ಅವಳ ಕೈಯಿಂದ ದಾಟಿದ ಬಕೆಟ್ಟುಗಳು ಎಷ್ಟೆಂದು ಅವಳಿಗೂ ಗೊತ್ತಿಲ್ಲ. ಬಿಸಿ ಹಾಸುಬಟ್ಟೆ ಜಗ್ಗಿ ಜಗ್ಗಿ ಗಟ್ಟಿಯಾದ ತೋಳು. ಅವಳಿಂದ ಮೇಲಿನವರೆಗಿನ ಸಾಲು ಓಡುತ್ತದೆ, ಕೆಳಗಿನ ಸಾಲು ತಡವರಿಸುತ್ತದೆ. ನಡುವೆ ಹೋಗಿ ಅಡುಗೆಯ ಹಂಡೆಯನ್ನೂ ತುಂಬಿ ಬರುತ್ತಾಳೆ. ಮುಯ್ಯಿಗೆ ಆಯಿಲ್ ಡೌನ್ ಅನ್ನುವ ಅಡುಗೆ ಆಗಲೇಬೇಕು. ತಳಕ್ಕೆ ಉಪ್ಪು ಮಾಂಸ, ಮೇಲೆ ಜೀಗುಜ್ಜೆಯ ಹೋಳು, ಹಿಟ್ಟಿನ ಉಂಡೆ, ಅರಿಶಿನ ಕಲಸಿದ ತೆಂಗಿನಹಾಲು, ಎಲ್ಲದರ ಮೇಲೆ ಕೆಸುವಿನೆಲೆಯ ಮುಚ್ಚಳ. ಇದನ್ನು ಜೋಡಿಸುವ ಕೆಲಸವನ್ನಾದರೂ ತಾಂತಿ ಅವಳಿಗೆಂದೇ ಉಳಿಸಿಟ್ಟಿದ್ದಳು.

ಮಧ್ಯಾಹ್ನ ಒಂದೂ ಮುಕ್ಕಾಲು. ಅಡುಗೆಮನೆಯ ಮೇಲಿನ ಭಾಗ ಮತ್ತು ಜಗಲಿ ಇನ್ನೂ ಖಾಲಿ. ತಾಂತಿ ಏಣಿಯ ಕೆಳಗೆ ಬಂದು, ಕೈ ತೊಳ್ಕೋ, ಎರಡೂವರೆಗೆ ಹಡಗಿನಲ್ಲಿರಬೇಕು ಅಂದಿದ್ದೆಯಲ್ಲ, ಬಸ್ಸು ಬರುತ್ತೆ ಎಂದು ಅವಸರಿಸುತ್ತಾಳೆ. ಹೊತ್ತಿಗೆ ಸರಿಯಾಗಿ ಹತ್ತದ ಸಿಬ್ಬಂದಿಯನ್ನು ಬಿಟ್ಟು ಹಡಗು ಹೋದರೆ ಕೆಲಸವೂ ಅದರ ಜೊತೆಗೇ ಹೋಯಿತು. ವರ್ಲಿನ್ ಬಕೆಟ್ ಕೆಳಗಿಡುತ್ತಾಳೆ. ಊಟವೂ ಇಲ್ಲ, ಮುಗಿಯುವುದನ್ನು ನೋಡುವ ಭಾಗ್ಯವೂ ಇಲ್ಲ. ಸಾಲಿನಲ್ಲಿ ಯಾರೂ ಈಗ ಕೀಟಲೆ ಮಾಡುತ್ತಿಲ್ಲ. ಅಭ್ಯಾಸಬಲದಿಂದ ಅವಳು ಕೈಗಡಿಯಾರದ ಸಿಮೆಂಟು ಒರೆಸಿ ನೋಡುತ್ತಾಳೆ.

ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು.

ಎರಡೂವರೆ ಅಂದದ್ದು ಹಡಗಿನ ಗಂಟೆ. ಊರಿನ ಗಂಟೆಯಲ್ಲಿ ಅದು ಮೂರೂವರೆ. ಬೆಳಿಗ್ಗೆ ಅವಳನ್ನು ಕೆಡವಿದ ತಪ್ಪೇ ಈಗ ಒಂದು ಗಂಟೆಯನ್ನು ತಂದು ಅವಳ ಕೈಗಿಟ್ಟಿದೆ. ಅವಳು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಏಣಿ ಹಿಡಿದುಕೊಂಡು ನಗುತ್ತಾಳೆ. ವಿಷಯ ತಿಳಿದ ಮೇಲೆ ಇಡೀ ಸಾಲು ನಗುತ್ತದೆ. ಮೋಡವೂ ಅಷ್ಟರಲ್ಲಿ ಒಂದು ಹನಿ ಉದುರಿಸದೆ ದ್ವೀಪದ ಆಚೆ ಬದಿಗೆ ಸರಿದುಹೋಗಿದೆ. ಎಲ್ಲಿ ಸ್ವಾಮೀ ನಿಮ್ಮ ಮಳೆ ಎಂದು ತಾಂತಿ ಮೇಸ್ತ್ರಿಯನ್ನು ಕೇಳಿದರೆ ಅವನು ಮುಖ ಆಚೆ ತಿರುಗಿಸಿ ಮಟ್ಟಗೋಲು ಎಳೆಯುವುದರಲ್ಲಿ ಮಗ್ನನಾಗುತ್ತಾನೆ.

ಎರಡೂ ಇಪ್ಪತ್ತೈದಕ್ಕೆ ಕಡೆಯ ಬಕೆಟ್ಟು ತುಂಬುತ್ತದೆ. ನಮ್ಮಲ್ಲಿ ಮೊದಲನೆಯದು ಒಡತಿಯದು, ಕಡೆಯದು ಮೇಸ್ತ್ರಿಯದು. ನಲವತ್ತು ವರ್ಷದಲ್ಲಿ ಕತ್‌ಬರ್ಟ್ ಆ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ವರ್ಲಿನ್ ಏಣಿ ಹತ್ತಿ ಅವನೆದುರು ನಿಲ್ಲುತ್ತಾಳೆ.

"ಮೇಸ್ತ್ರೀ, ಅದು ನನಗೆ ಬೇಕು."

"ಪದ್ಧತಿ ಹಾಗಿಲ್ಲ ಕಣಮ್ಮ."

"ಪದ್ಧತಿ ಬೆಳಿಗ್ಗೆನೇ ಕೆಟ್ಟಿದೆ. ನಾನಿಲ್ದೆ ಪಾಯ ಹಾಕಿದ್ರಿ, ಗೋಡೆ ಎಬ್ಬಿಸಿದ್ರಿ, ಬಾಗಿಲು ಇಟ್ರಿ. ಬೇಡ ಅನ್ಲಿಲ್ಲ. ಇದೊಂದು ಬಿಟ್ಟುಕೊಡಿ."

ಅವನು ಬಕೆಟ್ಟನ್ನು ನೋಡಿದ, ಅವಳ ತೋಳನ್ನು ನೋಡಿದ. "ತಗೋ. ಸುರಿದ್ರೆ ಸಾಲದು, ಮಟ್ಟ ನಾನು ಹೇಳಿದ ಹಾಗೆ ಮಾಡ್ಬೇಕು," ಎಂದು ಕರಣೆಯನ್ನೂ ಅವಳ ಕೈಗೆ ಕೊಟ್ಟ. ಜಗಲಿಯ ಅಂಚಿನಲ್ಲಿ ಕೂತು ಅವಳು ಅದನ್ನು ಹರಡಿದಳು, ತಟ್ಟಿದಳು, ನುಣುಪು ಮಾಡಿದಳು. ಕೆಳಗೆ ಯಾರೋ ರಮ್ಮಿನ ಬಾಟಲಿ ತೆರೆದು ಮೊದಲ ಗುಟುಕನ್ನು ತೀರಿಕೊಂಡ ಹಿರಿಯರಿಗೆಂದು ನೆಲಕ್ಕೆ ಚೆಲ್ಲಿದರು. ಅವಳು ಅಳುತ್ತಿದ್ದಳು, ಅದನ್ನು ಮರೆಮಾಡುವ ಗೋಜಿಗೂ ಹೋಗಲಿಲ್ಲ.

ತಟ್ಟೆ ತುಂಬ ಊಟ ಮಾಡಿ, ಸಿಮೆಂಟು ಮೆತ್ತಿದ ಕೈಯಲ್ಲೇ ಬಸ್ಸು ಹಿಡಿದು, ಹಡಗಿನ ಗಂಟೆಯ ಪ್ರಕಾರ ಎರಡೂ ಇಪ್ಪತ್ತಕ್ಕೆ ಅವಳು ಒಳಗಿದ್ದಾಳೆ. ಸಮವಸ್ತ್ರ ತೊಟ್ಟು ಕೆಳಗಿಳಿದರೆ ನೀಲಿ ಟವೆಲ್ಲುಗಳ ಗುಡ್ಡ ಕಾದಿದೆ. ಮೇಲಿನವರು ಗ್ರಾಂಡ್ ಆನ್ಸ್‌ನಲ್ಲಿ ದಿನವೆಲ್ಲ ಹೊರಳಾಡಿದ್ದಾರೆ. ಒದರಿದರೆ ಹಿಟ್ಟಿನಂಥ ಮರಳು ಅವಳ ಬೂಟಿನ ಮೇಲೆ ಉದುರುತ್ತದೆ. ಕೆಟುಟ್ ಅವಳ ಉಗುರಿನ ಸಂದಿಯ ಸಿಮೆಂಟು ನೋಡಿ ತಲೆಯಾಡಿಸಿ, ಹಡಗು ಹೊರಡೋವಾಗ ಹೋಗಿ ನೋಡಿ ಬಾ, ಹತ್ತು ನಿಮಿಷ ನಾನು ನೋಡ್ಕೋತೀನಿ, ಎನ್ನುತ್ತಾನೆ.

ಹಡಗು ಹೊರಡುವ ಹೊತ್ತಿಗೆ ಅವಳು ಸಿಬ್ಬಂದಿಗೆಂದು ಬಿಟ್ಟಿರುವ, ಮುಂಭಾಗದ ಚಿಕ್ಕ ತೆರೆದ ಅಟ್ಟದ ಕಂಬಿ ಹಿಡಿದು ನಿಂತಿದ್ದಾಳೆ. ಮೇಲೆ ಸಂಗೀತ, ಗ್ಲಾಸುಗಳ ಸದ್ದು. ಅವಳು ಗುಡ್ಡದ ಮೇಲೆ ಮೊದಲು ಚರ್ಚಿನ ಕೆಂಪು ಸೂರು ಹುಡುಕುತ್ತಾಳೆ, ಅಲ್ಲಿಂದ ಎಡಕ್ಕೆ ಬರುತ್ತಾಳೆ. ಸಿಕ್ಕಿತು. ಮೊದಲು ಹಾಕಿದ ಅರ್ಧ ಆಗಲೇ ಬಿಗಿದಿರಬೇಕು, ಮೇಸ್ತ್ರಿ ಅದರ ಮೇಲೆ ಹಾಸುಬಟ್ಟೆ ಹೊದಿಸಿ ನೀರು ಹಾಕಿಸಿದ್ದಾನೆ. ಇಳಿಬಿಸಿಲಿಗೆ ಅದು ಬೆಳ್ಳಗೆ ಹೊಳೆಯುತ್ತಿದೆ. ಉಳಿದರ್ಧ ಇನ್ನೂ ಬೂದು, ಅಲ್ಲಿ ಹಸಿ ಆರಿಲ್ಲ. ಕಡೆಯ ಬಕೆಟ್ಟು ಬಿದ್ದದ್ದು ಆ ಅಂಚಿನಲ್ಲಿ.

ಇನ್ನೇನು ಬೇಕು ಎಂದು ಕೇಳಿದರೆ ಅವಳು ಕಣ್ಣು ತೆಗೆಯದೆಯೇ ಉತ್ತರ ಕೊಡುತ್ತಾಳೆ.

"ತಗಡಿನ ಕೆಳಗೆ ಬೆಳೆದವಳು ನಾನು. ಒಂದು ಹನಿ ಬಿದ್ರೂ ಡಬ್ಬ ಬಡಿದ ಹಾಗೆ ಕೇಳಿಸುತ್ತೆ, ತಾಂತಿಗೂ ನನಗೂ ಎಚ್ಚರ ಆಗಿಬಿಡುತ್ತೆ. ಜೂನಲ್ಲಿ ರಜೆ ಸಿಗುತ್ತೆ, ಮಳೆಗಾಲ. ಆ ಮನೆಯಲ್ಲಿ ಒಂದು ರಾತ್ರಿ ಮಲಗ್ಬೇಕು. ರಾತ್ರಿಯೆಲ್ಲ ಮಳೆ ಸುರಿದಿರ್ಬೇಕು. ಬೆಳಿಗ್ಗೆ ಬಾಗಿಲು ತೆಗೆದು ಅಂಗಳ ಒದ್ದೆ ಆಗಿರೋದು ನೋಡಿದ ಮೇಲೇನೇ ನಮ್ಮಿಬ್ಬರಿಗೂ ಮಳೆ ಬಂದಿದ್ದು ಗೊತ್ತಾಗ್ಬೇಕು."